ರೈತರ ಜಮೀನಿನಲ್ಲಿ ನಾಡಸಸ್ಯ ಸಂರಕ್ಷಣೆ: ನಂಬಿಕೆ, ಬಳಕೆ ಮತ್ತು ಹಕ್ಕು

ಕರ್ನಾಟಕದಲ್ಲಿ ಸಸ್ಯ ಸಂರಕ್ಷಣೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅರಣ್ಯವನ್ನು ಕೇಂದ್ರವಾಗಿಟ್ಟುಕೊಂಡು ನಡೆದಿದೆ. ಕಾಯ್ದಿಟ್ಟ ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂಬ ವರ್ಗೀಕರಣಗಳ ಹೊರಗೆ ಉಳಿಯುವ ಸಸ್ಯಸಂಪತ್ತು ಈ ಚರ್ಚೆಯಲ್ಲಿ ಗೌಣವಾಗುತ್ತದೆ. ಹೊಲದ ಬದು, ತೋಟದ ಬೇಲಿ, ಮನೆಯ ಹಿತ್ತಲು, ಮಲೆನಾಡಿನ ಸೊಪ್ಪಿನಬೆಟ್ಟ, ಕರಾವಳಿಯ ನಾಗಬನ, ಕೊಡಗಿನ ಬಾಣೆ ಇವೆಲ್ಲ ರೈತನ ಸ್ವಾಧೀನದಲ್ಲಿಯೋ ಅನುಭೋಗದಲ್ಲಿಯೋ ಇರುವ ನೆಲಗಳು. ಇಲ್ಲಿ ಬೆಳೆದಿರುವ ಹೊಂಗೆ, ಬನ್ನಿ, ಅತ್ತಿ, ಲಕ್ಕಿ, ತಂಗಡಿ, ಕಾರೆಗಳನ್ನು ಸಾಮಾನ್ಯವಾಗಿ ಯಾರೂ ಬಿತ್ತಿದವರಲ್ಲ. ಹಕ್ಕಿ ತಂದು ಹಾಕಿದ, ಗಾಳಿ ಒಯ್ದು ಬಿಟ್ಟ ಬೀಜ ಮೊಳೆತಾಗ ನೇಗಿಲನ್ನು ಸ್ವಲ್ಪ ಆಚೆಗೆ ಸರಿಸಿ ಉತ್ತ ರೈತನ ನಿರ್ಧಾರದಿಂದ ಅವು ಉಳಿದುಕೊಂಡಿವೆ.

ಈ ನಿರ್ಧಾರವನ್ನು ಯಾವ ಕಾಯಿದೆಯೂ ಅವನಿಂದ ಮಾಡಿಸಿರಲಿಲ್ಲ. ಹಾಗಾದರೆ ಅದರ ಹಿಂದಿದ್ದ ಪ್ರೇರಣೆ ಯಾವುದು? ಆ ಪ್ರೇರಣೆ ಇಂದು ಏಕೆ ಕುಗ್ಗಿದೆ? ಅದನ್ನು ಮತ್ತೆ ಮೂಡಿಸುವ ಬಗೆ ಯಾವುದು? ಈ ಮೂರು ಪ್ರಶ್ನೆಗಳನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಂಬಿಕೆ, ಬಳಕೆ ಮತ್ತು ಹಕ್ಕು ಎಂಬ ಮೂರು ಅಂಶಗಳು ಒಟ್ಟಾಗಿದ್ದ ಕಡೆಗಳಲ್ಲಿ ರೈತನು ನಾಡಸಸ್ಯವನ್ನು ಸ್ವಇಚ್ಛೆಯಿಂದ ಕಾಪಾಡಿಕೊಂಡು ಬಂದಿದ್ದಾನೆ. ಮೂರರಲ್ಲಿ ಒಂದು ಕಳಚಿದಾಗ ಉಳಿದೆರಡು ಅದನ್ನು ಬಹುಕಾಲ ಹೊರಲಾರವು ಎಂಬುದು ಇಲ್ಲಿನ ಪ್ರತಿಪಾದನೆ.

1. ಬದು ಮತ್ತು ಬೇಲಿ: ಬಳಕೆಯ ನೆಲೆ

ಬಯಲುಸೀಮೆಯ ಬೇಸಾಯದಲ್ಲಿ ಬದು ಎಂಬುದು ಕೇವಲ ಎಲ್ಲೆಯ ಗುರುತಲ್ಲ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾದರೆ ಅದರ ಬೀಜದ ಎಣ್ಣೆ ದೀಪಕ್ಕೆ ಒದಗುತ್ತಿತ್ತು. ಜಾಲಿಯ ಗಟ್ಟಿ ಮರ ನೇಗಿಲಿಗೆ ಬೇಕಾಗಿತ್ತು. ಬೇವಿನ ಸೊಪ್ಪು ಮತ್ತು ಲಕ್ಕಿಯ ಸೊಪ್ಪು ದವಸಕ್ಕೆ ಹುಳು ಹತ್ತದಂತೆ ಕಾಯುತ್ತಿದ್ದವು. ತಂಗಡಿಯ ತೊಗಟೆ ಚರ್ಮ ಹದಮಾಡುವವರಿಗೆ ಸಲ್ಲುತ್ತಿತ್ತು. ಮುಳ್ಳುಗಿಡಗಳ ಬೇಲಿ ದನಕರುಗಳಿಂದ ಬೆಳೆಯನ್ನು ಕಾಯುವುದರ ಜೊತೆಗೆ ಎಲಚಿ, ಕಾರೆಗಳ ಹಣ್ಣನ್ನು ಮಕ್ಕಳಿಗೆ ಕೊಡುತ್ತಿತ್ತು. ಒಂದು ಬದುವಿನ ಸಸ್ಯಗಳನ್ನು ಆಧರಿಸಿ ಬೇಸಾಯಗಾರ, ಬಡಗಿ, ಚರ್ಮಕಾರ, ಕುರಿಗಾಹಿ, ನಾಟಿವೈದ್ಯ ಇವರೆಲ್ಲರ ಕಸುಬು ಸಾಗುತ್ತಿತ್ತು.

ಬದುವಿನ ಬಳಕೆಯಲ್ಲಿ ಮಹಿಳೆಯರ ಪಾತ್ರ ಪ್ರತ್ಯೇಕವಾಗಿ ಗಮನಾರ್ಹವಾದುದು. ಹೊನಗೊನೆ, ಅಣ್ಣೆ, ಗಣಿಕೆ, ಚಗಟೆ, ಕಿರಕಸಾಲೆ ಮುಂತಾದವನ್ನು ಕೂಡಿಸಿ ಆಯುವ ‘ಬೆರಕೆ ಸೊಪ್ಪು’ ಹಳೆಯ ಮೈಸೂರು ಪ್ರದೇಶದ ಅಡುಗೆಯ ಮುಖ್ಯ ಭಾಗ. ಯಾವ ಸೊಪ್ಪನ್ನು ಯಾವುದರೊಂದಿಗೆ ಬೆರೆಸಬೇಕು, ಯಾವುದನ್ನು ಎಳೆಯದಿದ್ದಾಗಲೇ ಚಿವುಟಬೇಕು, ಯಾವುದು ಬಾಣಂತಿಗೆ ಸಲ್ಲದು ಎಂಬ ತಿಳಿವಳಿಕೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟುತ್ತ ಬಂದಿದೆ. ಜಮೀನಿಲ್ಲದ ಕುಟುಂಬಗಳ ಮಹಿಳೆಯರಿಗೂ ಅನ್ಯರ ಬದುವಿನ ಸೊಪ್ಪನ್ನು ಕೊಯ್ದುಕೊಳ್ಳುವ ಅವಕಾಶವನ್ನು ಗ್ರಾಮೀಣ ವಾಡಿಕೆ ಕಲ್ಪಿಸಿತ್ತು. ಬೆಳೆ ಒಡೆಯನದು, ಬದುವಿನ ಸೊಪ್ಪು ಕೊಯ್ದವರದು ಎಂಬ ಈ ಅಲಿಖಿತ ಒಪ್ಪಂದವನ್ನು ಸಂರಕ್ಷಣೆಯ ಯೋಜನೆಗಳು ಮರೆಯುವಂತಿಲ್ಲ.

ಜನಪದರು ಹೊರಗಿನಿಂದ ಬಂದ ಸಸ್ಯಗಳನ್ನು ಹೆಸರಿನಲ್ಲಿಯೇ ಗುರುತಿಸಿರುವುದು ಕುತೂಹಲಕರವಾಗಿದೆ. ಸೀಮೆಹುಣಸೆ, ಸೀಮೆತಂಗಡಿ, ಸೀಮೆಬದನೆ ಎಂಬಲ್ಲಿನ ‘ಸೀಮೆ’ ಎಂಬ ಪೂರ್ವಪದ ಅನ್ಯಮೂಲವನ್ನು ಸೂಚಿಸುತ್ತದೆ. ಅಮೆರಿಕ ಖಂಡದಿಂದ ಬಂದ ಮುಳ್ಳುಗಿಡವೊಂದು ‘ಬಳ್ಳಾರಿ ಜಾಲಿ’ ಎಂಬ ಹೆಸರು ಪಡೆದು ಊರಿನ ಕರಿಜಾಲಿಯಿಂದ ಬೇರೆಯಾಗಿ ನಿಂತಿದೆ. ನಾಡಸಸ್ಯ, ಅನ್ಯಸಸ್ಯ ಎಂಬ ವಿಂಗಡಣೆ ಸಸ್ಯಶಾಸ್ತ್ರ ಕಲಿಸಿದ ಹೊಸ ಸಂಗತಿಯಲ್ಲ ಎಂಬುದಕ್ಕೆ ಇದು ನಿದರ್ಶನ.

ಆದರೆ ಬಳಕೆ ಕಾಲಾಧೀನವಾದುದು. ರಸಗೊಬ್ಬರ ಬಂದ ಮೇಲೆ ಹೊಂಗೆಯ ಸೊಪ್ಪಿನ ಅಗತ್ಯ ಕಡಿಮೆಯಾಯಿತು. ವಿದ್ಯುದ್ದೀಪ ಹೊಂಗೆಯೆಣ್ಣೆಯನ್ನೂ ಕಬ್ಬಿಣದ ನೇಗಿಲು ಮತ್ತು ಟ್ರ್ಯಾಕ್ಟರ್ ಜಾಲಿಯ ಮರವನ್ನೂ ಪಕ್ಕಕ್ಕೆ ಸರಿಸಿದವು. ತಂತಿಬೇಲಿ ಮುಳ್ಳುಬೇಲಿಯ ಜಾಗವನ್ನು ಆಕ್ರಮಿಸಿತು. ಕಳೆನಾಶಕದ ಸಿಂಪಡಣೆಗೆ ಬೆರಕೆ ಸೊಪ್ಪಿಗೂ ಕಳೆಗೂ ವ್ಯತ್ಯಾಸವಿಲ್ಲ. ಉಪಯೋಗ ತಪ್ಪಿದ ಮರವು ರೈತನ ಕಣ್ಣಿಗೆ ಬೆಳೆಗೆ ನೆರಳು ಬೀಳಿಸುವ ಅಡ್ಡಿಯಾಗಿ ಮಾತ್ರ ಕಾಣುವುದು ಸಹಜ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಸಮೀಪದಲ್ಲಿರುವುದರ ಬೆಲೆ ತಿಳಿಯದ ಮನುಷ್ಯ ಸ್ವಭಾವವನ್ನು ಕುರಿತದ್ದಾದರೂ ಇಂದಿನ ಬದುವಿನ ಸ್ಥಿತಿಗೆ ಅಕ್ಷರಶಃ ಅನ್ವಯಿಸುತ್ತದೆ.

2. ಆಚರಣೆ ಬೇಡುವ ಸಸ್ಯಗಳು

ಬಳಕೆ ಕುಗ್ಗಿದ ನಂತರವೂ ಕೆಲವು ಸಸ್ಯಗಳು ಉಳಿದುಕೊಂಡಿರುವುದಕ್ಕೆ ಆಚರಣೆಗಳು ಕಾರಣವಾಗಿವೆ. ಆಶ್ವಯುಜ ಮಾಸದ ಹುಣ್ಣಿಮೆಯಂದು ಮಲೆನಾಡಿನಲ್ಲಿ ಆಚರಿಸುವ ಭೂಮಿ ಹುಣ್ಣಿಮೆಯನ್ನು ಇಲ್ಲಿ ಉದಾಹರಿಸಬಹುದು. ಹೊಡೆಯಾಗುತ್ತಿರುವ ಭತ್ತವನ್ನು ಬಸುರಿ ಹೆಣ್ಣೆಂದು ಭಾವಿಸಿ ಅವಳ ಬಯಕೆಯನ್ನು ತೀರಿಸುವುದು ಈ ಹಬ್ಬದ ಆಶಯ. ದೀವರ ಮಹಿಳೆಯರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆಯನ್ನು ಗದ್ದೆಗೆ ಒಯ್ಯುತ್ತಾರೆ. ಹಬ್ಬದ ಹಿಂದಿನ ದಿನ ಬೇಲಿ, ಬದು, ಬೆಟ್ಟಗಳನ್ನು ಸುತ್ತಿ ಆಯ್ದು ತಂದ ಹಲವು ಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಹಚ್ಚಂಬಲಿಯನ್ನು ಬೆಳಗಿನ ಜಾವ ಗದ್ದೆಗಳಿಗೆ ಬೀರಲಾಗುತ್ತದೆ. ಭೂಮಿತಾಯಿಯ ಬಯಕೆ ತೀರಬೇಕಾದರೆ ಉಳದೆ ಬಿಟ್ಟ ನೆಲವೂ ಊರಿನಲ್ಲಿ ಇರಬೇಕು ಎಂಬ ಸೂಚನೆ ಈ ಆಚರಣೆಯ ಒಳಗೇ ಅಡಗಿದೆ. ಬೇಲಿ ಇಲ್ಲದ ಊರಿನಲ್ಲಿ ಹಚ್ಚಂಬಲಿಯೂ ಇಲ್ಲ.

ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ ಮತ್ತು ಎಳ್ಳಮಾವಾಸ್ಯೆಗಳಂದು ಹೊಲದಲ್ಲಿ ಚರಗ ಚೆಲ್ಲುವ ಪದ್ಧತಿಯಿದೆ. ಹೊಲದಲ್ಲಿ ಬನ್ನಿಯ ಮರವಿದ್ದರೆ ಅದರ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಲಾಗುತ್ತದೆ. ವಿಜಯದಶಮಿಯಂದು ಬನ್ನಿಯ ಎಲೆ ಬಂಗಾರವೆನಿಸಿ ಕೈಯಿಂದ ಕೈಗೆ ಸಾಗುತ್ತದೆ. ಬನ್ನಿ ಒಣಭೂಮಿಗೆ ಹೊಂದಿಕೊಂಡ ಮರ. ಆಳಕ್ಕೆ ಬೇರು ಬಿಡುತ್ತದೆ, ಬೇಸಿಗೆಯಲ್ಲಿಯೂ ಮೇವು ಕೊಡುತ್ತದೆ, ಮಣ್ಣಿಗೆ ಸಾರಜನಕವನ್ನು ಸೇರಿಸುತ್ತದೆ. ಹೊಲದ ನಡುವೆಯೇ ಅದನ್ನು ಉಳಿಸಿಕೊಂಡ ರೈತನಲ್ಲಿ ಭಕ್ತಿಯೂ ಲೆಕ್ಕಾಚಾರವೂ ಬೆರೆತಿದ್ದವು. ಇವೆರಡನ್ನು ಬೇರ್ಪಡಿಸಿ ನೋಡುವುದು ಅಧ್ಯಯನದ ಅನುಕೂಲಕ್ಕೆ ಸರಿಯೇ ಹೊರತು ರೈತನ ಮನಸ್ಸಿನಲ್ಲಿ ಅವು ಬೇರೆಯಾಗಿರಲಿಲ್ಲ.

3. ಬನಗಳು: ನಂಬಿಕೆಯ ಶಕ್ತಿ ಮತ್ತು ಮಿತಿ

ದೇವರ ಹೆಸರಿನಲ್ಲಿ ಕಾಡನ್ನು ಉಳಿಸುವ ಪದ್ಧತಿಯ ಕಡೆಗೆ ವಿದ್ವತ್ ಲೋಕದ ಗಮನ ಸೆಳೆದವರಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ ಪ್ರಮುಖರು. 1970ರ ದಶಕದಲ್ಲಿ ಪಶ್ಚಿಮ ಘಟ್ಟದ ದೇವರಕಾಡುಗಳನ್ನು ಕುರಿತು ಅವರು ನಡೆಸಿದ ಅಧ್ಯಯನ ಮುಂದಿನ ಸಂಶೋಧನೆಗಳಿಗೆ ದಾರಿ ತೆರೆಯಿತು. ಉತ್ತರ ಕನ್ನಡದ ಕಾನುಗಳನ್ನು ಎಂ.ಡಿ. ಸುಭಾಷ್ ಚಂದ್ರನ್ ವಿಸ್ತಾರವಾಗಿ ಅಭ್ಯಸಿಸಿದ್ದಾರೆ. ಕೊಡಗಿನಲ್ಲಿ 1,214 ದೇವರಕಾಡುಗಳು ದಾಖಲಾಗಿವೆ. ದಾಖಲೆಗಳ ಪ್ರಕಾರ 1905ರಲ್ಲಿ 15,506 ಎಕರೆಯಷ್ಟಿದ್ದ ಅವುಗಳ ವಿಸ್ತೀರ್ಣ 1985ರ ವೇಳೆಗೆ 6,299 ಎಕರೆಗೆ ಇಳಿದಿತ್ತು. ಈ ಅವಧಿಯಲ್ಲಿ ದೇವರು ಬದಲಾಗಲಿಲ್ಲ, ಹಬ್ಬಗಳು ನಿಲ್ಲಲಿಲ್ಲ. ಕಾಡು ಮಾತ್ರ ಅರ್ಧಕ್ಕಿಂತ ಹೆಚ್ಚು ಕರಗಿತು. ನಂಬಿಕೆಯೊಂದೇ ಸಂರಕ್ಷಣೆಗೆ ಸಾಕು ಎನ್ನುವವರು ಈ ಅಂಕಿಗಳನ್ನು ಗಮನಿಸಬೇಕು.

ದೇವರಕಾಡುಗಳು ಊರಿಗೆ ಸೇರಿದವು. ರೈತನ ಸ್ವಂತ ಜಮೀನಿನೊಳಗೆ ಇರುವ ಬನಗಳಿಗೆ ತುಳುನಾಡಿನ ನಾಗಬನಗಳು ಉತ್ತಮ ಉದಾಹರಣೆ. ಹಾಲೆ, ರೆಂಜ, ಸುರಗಿ, ಹೊನ್ನೆ ಮುಂತಾದ ಮರಗಳೂ ದಟ್ಟವಾದ ಬಳ್ಳಿಗಳೂ ಕೂಡಿದ ಈ ಬನಗಳಲ್ಲಿ ಕತ್ತಿ ಆಡಿಸುವುದು ನಿಷಿದ್ಧವಾಗಿತ್ತು. ಮುರಿದು ಬಿದ್ದ ಕೊಂಬೆಯನ್ನೂ ಹೊರಗೆ ಒಯ್ಯದೆ ಬಿಡುತ್ತಿದ್ದ ಮನೆತನಗಳುಂಟು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ ಅನೇಕ ಕಡೆ ಮರಗಳನ್ನು ತೆಗೆದು, ನೆಲಕ್ಕೆ ಸಿಮೆಂಟು ಹಾಸಿ, ಕಟ್ಟೆ ಕಟ್ಟಿ ನಾಗನ ಕಲ್ಲುಗಳನ್ನು ಪ್ರತಿಷ್ಠಾಪಿಸುವ ಕ್ರಮ ರೂಢಿಗೆ ಬಂದಿದೆ. ಇದು ನಂಬಿಕೆ ಕ್ಷೀಣಿಸಿದ್ದರ ಫಲವಲ್ಲ. ನಂಬಿಕೆ ಬನದಿಂದ ಕಲ್ಲಿಗೆ ಸ್ಥಳಾಂತರಗೊಂಡಿದೆ. ಮೊದಲು ಬನವೇ ನಾಗನ ವಾಸಸ್ಥಾನವಾಗಿತ್ತು. ಈಗ ಬನವಿಲ್ಲದೆಯೂ ನಾಗನಿಗೆ ನೆಲೆ ಸಾಧ್ಯವಾಗಿದೆ.

ನಂಬಿಕೆಯ ಇನ್ನೊಂದು ಮಗ್ಗುಲನ್ನೂ ಮರೆಮಾಚಬಾರದು. ದೇವರಕಾಡು, ಬನಗಳ ನಿಷೇಧಗಳಲ್ಲಿ ಕೆಲವು ಮರವನ್ನು ಕಾಯ್ದರೆ ಕೆಲವು ಮನುಷ್ಯರನ್ನು ದೂರವಿಟ್ಟವು. ಕೆಲವು ಜಾತಿಯವರಿಗೆ, ಮುಟ್ಟಿನ ದಿನಗಳಲ್ಲಿರುವ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಪರಂಪರೆಯನ್ನು ಪುನಶ್ಚೇತನಗೊಳಿಸಬೇಕೆಂಬ ಉತ್ಸಾಹದಲ್ಲಿ ಇಂಥ ನಿಷೇಧಗಳಿಗೂ ಮರುಜೀವ ಕೊಡುವುದು ನ್ಯಾಯಸಮ್ಮತವಾಗಲಾರದು.

ನಂಬಿಕೆಗೂ ಹಕ್ಕಿಗೂ ಇರುವ ನಂಟನ್ನು ಎರಡು ಶತಮಾನಗಳ ಹಿಂದೆಯೇ ಗುರುತಿಸಿದ ಉಲ್ಲೇಖವೊಂದಿದೆ. 1801ರಲ್ಲಿ ಉತ್ತರ ಕನ್ನಡದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಕಾಡುಗಳು ಗ್ರಾಮದೇವತೆಗಳಿಗೆ ಸೇರಿದವೆಂದು ಜನ ಹೇಳುವುದನ್ನೂ ಮರ ಕಡಿಯುವ ಮುನ್ನ ದೇವರ ಪೂಜಾರಿಯಾದ ಗೌಡನ ಅಪ್ಪಣೆ ಪಡೆಯುವುದನ್ನೂ ದಾಖಲಿಸಿದ್ದಾನೆ. ಸರ್ಕಾರ ಕಾಡಿನ ಮೇಲೆ ಒಡೆತನ ಸಾಧಿಸದಂತೆ ತಡೆಯಲು ಹೂಡಿದ ಉಪಾಯವಿದು ಎಂಬುದು ಅವನ ಅಭಿಪ್ರಾಯ. ಕಂಪನಿಯ ಅಧಿಕಾರಿಯ ಈ ಗ್ರಹಿಕೆ ಜನರ ಭಕ್ತಿಯನ್ನು ಹಗುರಾಗಿ ಕಂಡಿದೆ ಎಂಬುದು ನಿಜ. ಆದರೂ ದೇವರ ಹೆಸರು ಊರಿನ ಹಕ್ಕಿನ ಭಾಷೆಯೂ ಆಗಿತ್ತು ಎಂಬ ಒಳನೋಟ ಅದರಲ್ಲಿದೆ.

4. ಹಕ್ಕು ತಪ್ಪಿದ ಮರ: ಶ್ರೀಗಂಧ ಮತ್ತು ಬಾಣೆ

ಹಕ್ಕು ಕಳಚಿದಾಗ ಏನಾಗುತ್ತದೆ ಎಂಬುದಕ್ಕೆ ಶ್ರೀಗಂಧದ ಚರಿತ್ರೆಗಿಂತ ಸ್ಪಷ್ಟವಾದ ಸಾಕ್ಷ್ಯ ಕರ್ನಾಟಕದಲ್ಲಿ ದೊರೆಯುವುದು ಕಷ್ಟ. ಶ್ರೀಗಂಧ ಸ್ವಭಾವತಃ ಬೇಲಿಯ ಮರ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಬೇಲಿಗಳಲ್ಲಿ ಉದುರಿಸುತ್ತವೆ. ಮೊಳೆತ ಸಸಿ ಅರೆಪರಾವಲಂಬಿಯಾದುದರಿಂದ ನೆರೆಯ ಗಿಡಗಳ ಬೇರಿನಿಂದ ಪೋಷಣೆ ಪಡೆದು ಬೆಳೆಯುತ್ತದೆ. ಹೀಗಾಗಿ ಹೊಂಗೆ, ಜಾಲಿ ಮೊದಲಾದ ಹಲವು ಗಿಡಗಳು ಕೂಡಿದ ಬೇಲಿಯೇ ಅದಕ್ಕೆ ಯೋಗ್ಯ ನೆಲೆ. 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಘೋಷಿಸಿದ. ನಂತರದ ಮೈಸೂರು ಸರ್ಕಾರವೂ ಸ್ವಾತಂತ್ರ್ಯೋತ್ತರ ಸರ್ಕಾರಗಳೂ ಆ ಏಕಸ್ವಾಮ್ಯವನ್ನು ಮುಂದುವರಿಸಿದವು. ಮರ ಯಾರ ಜಮೀನಿನಲ್ಲಿದ್ದರೂ ಒಡೆತನ ಸರ್ಕಾರದ್ದು. ಕಾಯುವ ಹೊಣೆ ಮಾತ್ರ ಜಮೀನಿನವನದು. ಕಳವಾದರೆ ಅನುಮಾನಕ್ಕೆ ಮೊದಲು ಗುರಿಯಾಗುತ್ತಿದ್ದವನೂ ಅವನೇ.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಬೇಲಿಯಲ್ಲಿ ಗಂಧದ ಸಸಿ ಕಾಣಿಸಿದೊಡನೆ ಅದನ್ನು ಕಿತ್ತೆಸೆಯುವುದೇ ಕ್ಷೇಮವೆಂದು ರೈತ ಭಾವಿಸಿದ. ಪೂಜೆಯಲ್ಲಿ ಗಂಧಕ್ಕಿದ್ದ ಸ್ಥಾನ ಕಡಿಮೆಯಾಗಿರಲಿಲ್ಲ, ಮಾರುಕಟ್ಟೆಯಲ್ಲಿ ಅದರ ಬೆಲೆ ಏರುತ್ತಲೇ ಇತ್ತು. ನಂಬಿಕೆ ಮತ್ತು ಬಳಕೆ ಎರಡೂ ಗಟ್ಟಿಯಾಗಿದ್ದಾಗಲೂ ಹಕ್ಕಿಲ್ಲದ ಕಾರಣಕ್ಕೆ ‘ಗಂಧದ ನಾಡು’ ಎನಿಸಿಕೊಂಡ ನಾಡಿನ ಹೊಲಗಳಿಂದ ಗಂಧ ಮರೆಯಾಗತೊಡಗಿತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯಕ್ಕೀಡಾಗಬಹುದಾದ ಪ್ರಭೇದಗಳ ಸಾಲಿಗೆ ಸೇರಿಸಿತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು ಜಮೀನಿನಲ್ಲಿರುವ ಗಂಧದ ಮರ ಅದರ ಹಿಡುವಳಿದಾರನಿಗೆ ಸೇರಿದ್ದೆಂದು ಮಾನ್ಯ ಮಾಡಲಾಯಿತು. ಮಾರಾಟದ ಮೇಲಿನ ನಿರ್ಬಂಧಗಳೂ ಕಳ್ಳರ ಭಯವೂ ಉಳಿದುಕೊಂಡರೂ ಆ ನಂತರ ರೈತರು ತಾವಾಗಿಯೇ ಗಂಧವನ್ನು ನೆಡಲು ಮುಂದಾದರು. ಎರಡು ಶತಮಾನಗಳ ಕಾಲ ದಂಡನೆಯಿಂದ ಆಗದ ಕೆಲಸ ಒಡೆತನದ ಮಾನ್ಯತೆಯಿಂದ ಆರಂಭವಾಯಿತು.

ಕೊಡಗಿನ ಬಾಣೆ ಜಮೀನುಗಳ ಅನುಭವವೂ ಇದನ್ನೇ ಹೇಳುತ್ತದೆ. ಗದ್ದೆಗೆ ಹೊಂದಿಕೊಂಡಂತೆ ಮೇವು, ಸೊಪ್ಪು, ಸೌದೆಗಳಿಗಾಗಿ ಬಿಟ್ಟ ಈ ಮರಗಾಡು ನೆಲಗಳು ಕಾಲಕ್ರಮದಲ್ಲಿ ಕಾಫಿ ತೋಟಗಳಾದವು. ನೆಲದ ಅನುಭೋಗ ಕುಟುಂಬದ್ದಾದರೂ ಅನೇಕ ಬಾಣೆಗಳಲ್ಲಿ ಮರದ ಹಕ್ಕು ದೀರ್ಘಕಾಲ ಸರ್ಕಾರದ ಬಳಿಯೇ ಇತ್ತು. ತಲೆಮಾರುಗಳಿಂದ ಕಾಯ್ದ ಬೀಟೆ, ನಂದಿ, ಹೊನ್ನೆಗಳಿಂದ ಬೆಳೆಗಾರನಿಗೆ ನೆರಳಲ್ಲದೆ ಬೇರೆ ಆದಾಯವಿರಲಿಲ್ಲ. ಇದಕ್ಕೆ ಪ್ರತಿಯಾಗಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಮರ ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರುವುದು ಸುಲಭ. ಕಾಫಿ ತೋಟಗಳಲ್ಲಿ ನಾಡಮರಗಳ ಜಾಗವನ್ನು ಸಿಲ್ವರ್ ಆಕ್ರಮಿಸುತ್ತಿರುವುದಕ್ಕೆ ಮರದ ಹಕ್ಕಿನ ಈ ತೊಡಕೂ ಕಾರಣವೆಂದು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮತ್ತು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಗುರುತಿಸಿದ್ದಾರೆ. 1980ರ ದಶಕದಲ್ಲಿ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ಬಂದುದರ ಹಿಂದೆಯೂ ಇದೇ ತರ್ಕವಿತ್ತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮರ ಕಡಿಯಲು ಅನುಮತಿಯನ್ನು ಕಡ್ಡಾಯಗೊಳಿಸಿದರೂ ನೀಲಗಿರಿ, ಗಾಳಿಮರ, ಸುಬಾಬುಲ್‌ಗಳಂಥ ಮರಗಳಿಗೆ ವಿನಾಯಿತಿ ನೀಡಿತ್ತು. ವಿನಾಯಿತಿಯ ಪಟ್ಟಿ ನಂತರ ವಿಸ್ತಾರಗೊಂಡಿದೆ. ಆದರೆ ಅನ್ಯಮರ ನಿರಾತಂಕ, ನಾಡಮರ ತಾಪತ್ರಯ ಎಂಬ ಭಾವನೆ ಅಷ್ಟರಲ್ಲಿ ರೈತರ ಮನಸ್ಸಿನಲ್ಲಿ ಬೇರೂರಿತ್ತು.

5. ಮಾರುಕಟ್ಟೆಯ ಎರಡು ಮುಖ: ಅಪ್ಪೆಮಿಡಿ

ಬಳಕೆಗೆ ಮಾರುಕಟ್ಟೆ ಸೇರಿದಾಗ ಸಂರಕ್ಷಣೆ ಸುಲಭವಾಗುತ್ತದೆ ಎಂಬ ಅಭಿಪ್ರಾಯವಿದೆ. ಅಪ್ಪೆಮಿಡಿಯ ಉದಾಹರಣೆ ಈ ಅಭಿಪ್ರಾಯಕ್ಕೆ ಅಗತ್ಯವಾದ ತಿದ್ದುಪಡಿಯನ್ನು ಸೂಚಿಸುತ್ತದೆ. ಅಘನಾಶಿನಿ, ಶರಾವತಿ ಮೊದಲಾದ ಹೊಳೆಗಳ ದಂಡೆಯಲ್ಲಿ ಬೆಳೆಯುವ ಕಾಡುಮಾವಿನ ಈ ಮಿಡಿಗಳು ಉಪ್ಪಿನಕಾಯಿಗೆ ಪ್ರಸಿದ್ಧವಾಗಿದ್ದು ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆದಿವೆ. ಬೇಡಿಕೆ ಹೆಚ್ಚಿದಂತೆ ಯಾರ ಒಡೆತನಕ್ಕೂ ಸೇರದ ಹೊಳೆಯಂಚಿನ ಮರಗಳಲ್ಲಿ ಮಿಡಿಗಾಗಿ ಕೊಂಬೆಗಳನ್ನೇ ಕಡಿಯುವುದು ನಡೆಯಿತು. ಅದೇ ವೇಳೆಗೆ ಶಿರಸಿ, ಸಾಗರ ಭಾಗದ ರೈತರು ಉತ್ತಮ ಮರಗಳ ಕುಡಿ ತಂದು ತಮ್ಮ ಬೆಟ್ಟ, ತೋಟಗಳ ಅಂಚಿನಲ್ಲಿ ಕಸಿ ಕಟ್ಟಿ ಬೆಳೆಸಿದರು. ಪ್ರತಿ ಮರದ ಮಿಡಿಗೂ ಅದರದೇ ಆದ ಪರಿಮಳ, ಆಕಾರ, ಬಾಳಿಕೆಗಳಿವೆಯೆಂದು ಬಲ್ಲ ಇಲ್ಲಿನ ಜನ ಮರಗಳನ್ನು ಊರಿನ ಹೆಸರಿನಿಂದಲೋ ಮನೆಯ ಹೆಸರಿನಿಂದಲೋ ಗುರುತಿಸುತ್ತಾರೆ. ಆ ತಿಳಿವಳಿಕೆಯೇ ಕಸಿಯ ಆಯ್ಕೆಗೆ ಆಧಾರವಾಯಿತು. ಒಂದೇ ಮರ, ಒಂದೇ ಬೆಲೆ; ಹಕ್ಕಿಲ್ಲದ ಕಡೆ ಕೊಡಲಿ, ಹಕ್ಕಿರುವ ಕಡೆ ಕಸಿ.

6. ಪ್ರೋತ್ಸಾಹದ ಸ್ವರೂಪ

ಮೇಲಿನ ವಿಶ್ಲೇಷಣೆಯ ಹಿನ್ನೆಲೆಯಲ್ಲಿ ರೈತರನ್ನು ನಾಡಸಸ್ಯ ಸಂರಕ್ಷಣೆಗೆ ಪ್ರೇರೇಪಿಸುವ ಕ್ರಮಗಳನ್ನು ಹೀಗೆ ಪರಿಭಾವಿಸಬಹುದು.

ಮೊದಲನೆಯದಾಗಿ, ನೆಟ್ಟ ಗಿಡಕ್ಕೆ ಸಲ್ಲುವ ಮನ್ನಣೆ ಉಳಿಸಿದ ಮರಕ್ಕೂ ಸಲ್ಲಬೇಕು. 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆಯ ಸಸಿಗಳನ್ನು ನೆಟ್ಟ ರೈತನಿಗೆ, ಬದುಕುಳಿದ ಸಸಿಗಳ ಲೆಕ್ಕದಲ್ಲಿ ಮೂರು ವರ್ಷ ಹಣ ನೀಡುವ ವ್ಯವಸ್ಥೆಯಿದೆ. ಬದುಕಿದ ಗಿಡಕ್ಕೆ ಮಾತ್ರ ಹಣ ಎಂಬುದು ಒಳ್ಳೆಯ ತತ್ತ್ವ. ಆದರೆ ತಾತನ ಕಾಲದಿಂದ ಬದುವಿನಲ್ಲಿ ನಿಂತಿರುವ ಹಿಪ್ಪೆ, ತಾನಾಗಿ ಹುಟ್ಟಿದ ಬನ್ನಿಗಳು ಇಂಥ ಲೆಕ್ಕದೊಳಗೆ ಬರುವುದಿಲ್ಲ. ಹಳೆಯ ಮರವನ್ನು ಕಡಿದು ಹೊಸ ಸಸಿ ನೆಟ್ಟವನಿಗೆ ಲಾಭ, ಉಳಿಸಿಕೊಂಡವನಿಗೆ ಇಲ್ಲ ಎಂಬ ವೈಪರೀತ್ಯಕ್ಕೆ ಎಡೆಯಾಗಬಾರದು.

ಎರಡನೆಯದಾಗಿ, ತಾನು ಕಾಯ್ದ ನಾಡಮರವನ್ನು ಅಗತ್ಯ ಬಿದ್ದಾಗ ಕಡಿದು ಬಳಸುವ, ಮಾರುವ ಹಕ್ಕು ರೈತನಿಗೆ ಸ್ಪಷ್ಟವಾಗಿರಬೇಕು. ಮರ ಕಡಿಯುವ ಮತ್ತು ಸಾಗಿಸುವ ನಿಯಮಗಳ ತೊಡಕು ರೈತರನ್ನು ಮರದಿಂದ ದೂರ ಮಾಡಿದೆಯೆಂಬುದನ್ನು 2014ರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯೂ ಒಪ್ಪಿಕೊಂಡಿದೆ. ಕಡಿಯುವ ಹಕ್ಕು ಕೊಟ್ಟರೆ ಮರ ಉಳಿಯುವುದೇ ಎಂಬ ಶಂಕೆ ಸಹಜವಾದರೂ ಶ್ರೀಗಂಧದ ಅನುಭವ ಅದಕ್ಕೆ ಉತ್ತರವಾಗಿದೆ.

ಮೂರನೆಯದಾಗಿ, ಯಾವ ಊರಿನಲ್ಲಿ ಯಾವ ಸಸ್ಯ ಎಂಬ ಆಯ್ಕೆ ಆಯಾ ಊರಿನ ತಿಳಿವಳಿಕೆಯಿಂದ ಮೂಡಬೇಕು. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳು ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲೆಗಳನ್ನು ಸಿದ್ಧಪಡಿಸಬೇಕಾಗಿದೆ. ಇವು ಸಸ್ಯಗಳ ಹೆಸರಿನ ಪಟ್ಟಿಗಳಾಗಿ ಮುಗಿಯಬಾರದು. ಸೊಪ್ಪು ಆಯುವ ಮಹಿಳೆ, ಕುರಿಗಾಹಿ, ನಾಟಿವೈದ್ಯ ಇವರ ಮಾತಿನಲ್ಲಿರುವ ಹೆಸರು, ಕಾಲ, ಬಳಕೆ, ನಿಷೇಧಗಳೂ ಅಲ್ಲಿ ದಾಖಲಾಗಬೇಕು. ಜಾನಪದ ವಿದ್ವಾಂಸರ ನೆರವು ಅತ್ಯಗತ್ಯವಾಗಿರುವ ಕ್ಷೇತ್ರವಿದು.

ನಾಲ್ಕನೆಯದಾಗಿ, ಬದುವಿನ ಮೇಲೆ ಜಮೀನಿಲ್ಲದವರಿಗಿದ್ದ ವಾಡಿಕೆಯ ಅವಕಾಶವನ್ನು ಕಾಪಾಡಬೇಕು. ಬದುವಿನ ಸಸ್ಯಕ್ಕೆ ಹಣದ ಬೆಲೆ ಬಂದೊಡನೆ ಅಲ್ಲಿಗೆ ತಂತಿಬೇಲಿ ಬರುವ ಸಂಭವವಿದೆ. ರೈತನ ಹಕ್ಕನ್ನು ಗಟ್ಟಿಗೊಳಿಸುವ ಕ್ರಮ ಬಡವರ ಸೊಪ್ಪಿನ ಮಡಿಲನ್ನು ಬರಿದು ಮಾಡಿದರೆ ಅದು ಸಂರಕ್ಷಣೆ ಎನಿಸಲಾರದು.

ಐದನೆಯದಾಗಿ, ಆಚರಣೆಗಳನ್ನು ಪ್ರದರ್ಶನಕ್ಕೆ ಸೀಮಿತಗೊಳಿಸದೆ ಅವು ನಡೆಯುವ ನೆಲದೊಂದಿಗೆ ಉಳಿಸಿಕೊಳ್ಳಬೇಕು. ಭೂಮಣ್ಣಿ ಬುಟ್ಟಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿರಬಹುದು. ಹಚ್ಚಂಬಲಿಯ ಸೊಪ್ಪು ಬೇಲಿಯಲ್ಲಿ ಮಾತ್ರ ಬದುಕಬಲ್ಲದು. ಬನವನ್ನು ಬನವಾಗಿಯೇ ಇಟ್ಟುಕೊಂಡ ಮನೆತನಗಳನ್ನು ಊರಿನ ಸಭೆಯಲ್ಲಿ ಗುರುತಿಸಿ ಗೌರವಿಸುವುದು ಹೆಚ್ಚಿನ ಖರ್ಚಿಲ್ಲದ, ಆದರೆ ಫಲಕಾರಿಯಾದ ಕ್ರಮ.

ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ರೈತನು ನಾಡಸಸ್ಯದ ಶತ್ರುವೂ ಅಲ್ಲ, ನಿಸ್ವಾರ್ಥ ರಕ್ಷಕನೂ ಅಲ್ಲ. ತನಗೆ ಬೇಕಾದ, ತನ್ನದೆನ್ನಬಹುದಾದ, ತಾನು ಗೌರವಿಸುವ ಸಸ್ಯವನ್ನು ಅವನು ಕಾಯ್ದುಕೊಂಡು ಬಂದಿದ್ದಾನೆ. ನಾಗಬನದಲ್ಲಿ ನಂಬಿಕೆ ಕಲ್ಲಿಗೆ ಸರಿದಾಗ, ಬದುವಿನಲ್ಲಿ ಬಳಕೆ ತಪ್ಪಿದಾಗ, ಗಂಧ ಮತ್ತು ಬಾಣೆಗಳಲ್ಲಿ ಹಕ್ಕು ಬೇರೆಯವರ ಪಾಲಾದಾಗ ಸಸ್ಯ ನಶಿಸಿತು. ಬಳಕೆಗಳು ಹಿಂದಿನಂತೆಯೇ ಮರಳುವ ಸಾಧ್ಯತೆ ಕಡಿಮೆ. ನಂಬಿಕೆಯನ್ನು ಆಜ್ಞೆಯಿಂದ ಹುಟ್ಟಿಸಲಾಗದು. ಆದರೆ ಹಕ್ಕು ಸರ್ಕಾರದ ಕೈಯಲ್ಲಿದೆ, ಅದನ್ನು ಕೊಡಬಹುದಾಗಿದೆ. ಪ್ರೋತ್ಸಾಹದ ಕಾರ್ಯ ಅಲ್ಲಿಂದ ಆರಂಭವಾದರೆ ಹೊಸ ಬಳಕೆಗಳನ್ನು ರೈತನೇ ಕಂಡುಕೊಳ್ಳುತ್ತಾನೆ ಎಂಬುದನ್ನು ಅಪ್ಪೆಮಿಡಿಯ ಕಸಿಗಳು ತೋರಿಸಿಕೊಟ್ಟಿವೆ. ಬೇಲಿಯಲ್ಲಿ ಮೊಳೆತ ಸಸಿಯನ್ನು ಕಂಡು ನೇಗಿಲನ್ನು ಆಚೆಗೆ ಸರಿಸಬೇಕೆ ಬೇಡವೆ ಎಂಬ ನಿರ್ಧಾರ ಇಂದಿಗೂ ರೈತನದೇ. ಆ ಕ್ಷಣದಲ್ಲಿ ಅವನಿಗೆ ಭಯವಿಲ್ಲದಂತೆ ಮಾಡುವುದು ಸಂರಕ್ಷಣೆಯ ಮೊದಲ ಕರ್ತವ್ಯ.